64 ಜಿಬಿ ಸ್ಟೀಮ್ ಡೆಕ್ ಬಿಟ್ಟು ಓಎಲ್ಇಡಿ ತಗೋಬೇಕಾ?
ನಿಮ್ಮ ಹತ್ರ ಇರೋ 64 ಜಿಬಿ ಸ್ಟೀಮ್ ಡೆಕ್ (ಕೈಲಿ ಹಿಡ್ದು ಪಿಸಿ ಗೇಮ್ ಆಡೋ ಸಾಧನ) ಬಿಟ್ಟು ಓಎಲ್ಇಡಿ ಸ್ಕ್ರೀನಿನ ಹೊಸ ಮಾಡೆಲ್ ತಗೋಬೇಕಾ ಅಂತ ಕೇಳಿದ್ರಿ. ಹೊಸದು ಬೇಕು ಅನ್ನಿಸ್ತಿರೋದಕ್ಕೆ ಕಾರಣ ಬಹುಶಃ ಡೆಕ್ ಹಳೇದಾಗಿರೋದಲ್ಲ, 64 ಜಿಬಿ ತುಂಬಿರೋದು. ಗೇಮ್ ಹಾಕಕ್ಕೆ ಜಾಗ ಇಲ್ಲ, ಚಿಕ್ಕಮಗಳೂರಿಂದ ಹಾಸನ ತಲುಪೋಷ್ಟ್ರಲ್ಲಿ ಚಾರ್ಜ್ ಖಾಲಿ ಅಂದ್ರಲ್ಲ, ಓಎಲ್ಇಡಿ ತಗೊಂಡ್ರೂ ಗೇಮ್ ಸ್ಪೀಡ್ ಹೆಚ್ಚುಕಮ್ಮಿ ಇಷ್ಟೇ, ಸ್ಕ್ರೀನು ಬ್ಯಾಟರಿ ಮಾತ್ರ ನಿಜವಾಗ್ಲೂ ಚೆನ್ನಾಗಿದೆ, ಬ್ಯಾಟರಿ ಸಾಮರ್ಥ್ಯ 40 ವಾಟ್ ಅವರ್ ಇದ್ದಿದ್ದು 50 ಆಗಿದೆ.

ಮೊದ್ಲು 512 ಜಿಬಿ ಮೈಕ್ರೋಎಸ್‌ಡಿ ಕಾರ್ಡ್ ತಗೊಂಡು ಡೆಕ್‌ನಲ್ಲೇ ಫಾರ್ಮ್ಯಾಟ್ ಮಾಡಿ, ಆಮೇಲೆ ಸೆಟ್ಟಿಂಗ್ಸ್‌ನ ಸ್ಟೋರೇಜ್‌ಗೆ ಹೋಗಿ ಗೇಮ್‌ಗಳ್ನೆಲ್ಲ ಅದಕ್ಕೆ ಮೂವ್ ಮಾಡಿ. ಶೇಡರ್ ಕ್ಯಾಶ್ (ಗ್ರಾಫಿಕ್ಸ್‌ಗೆ ಅಂತ ಮೊದ್ಲೇ ಮಾಡಿಟ್ಕೊಳೋ ಫೈಲ್‌ಗಳು) ಮಾತ್ರ ಒಳಗಿನ ಸ್ಟೋರೇಜಲ್ಲೇ ಕೂತ್ಕೊಳುತ್ತೆ, ಅದಕ್ಕೆ ಆಡದೇ ಇರೋ ಗೇಮ್ ಡಿಲೀಟ್ ಮಾಡಿ. ಅದೂ ಸಾಲ್ದಿದ್ರೆ ಒಳಗಿನ ಸ್ಟೋರೇಜ್ ಬದ್ಲು 2230 ಸೈಜಿನ (ಚಿಕ್ಕ ಅಳತೆಯ) ಎನ್‌ವಿಎಂಇ ಎಸ್‌ಎಸ್‌ಡಿ ಹಾಕಿಸ್ಬಹುದು, ಆದ್ರೆ ಹಿಂದಿನ ಕವರ್ ಬಿಚ್ಚೋ ಮುಂಚೆ ಮೆಮೊರಿ ಕಾರ್ಡ್ ಹೊರಗೆ ತೆಗೀಲೇಬೇಕು, ಇಲ್ದಿದ್ರೆ ಕಾರ್ಡ್ ಮುರಿಯುತ್ತೆ, ಇದನ್ನ ದಯವಿಟ್ಟು ಮರೀಬೇಡಿ.

ಚಾರ್ಜ್‌ಗೆ ಮೂರು ಚುಕ್ಕಿ ಬಟನ್ ಒತ್ತಿ ಪರ್ಫಾರ್ಮೆನ್ಸ್‌ನಲ್ಲಿ ಫ್ರೇಮ್ ಲಿಮಿಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋ ಮಿತಿ) 40 ಇಡಿ, ಟಿಡಿಪಿ ಲಿಮಿಟ್ (ಚಿಪ್ ಎಷ್ಟು ಕರೆಂಟ್ ಎಳೀಬಹುದು ಅನ್ನೋ ಮಿತಿ) 8 ವಾಟ್. ಹಳೇ ಗೇಮ್‌ಗೆ, 2ಡಿ ಗೇಮ್‌ಗೆ ಧಾರಾಳ ಸಾಕು, ದೊಡ್ಡ ಗೇಮ್ ತಡವರಿಸಿದ್ರೆ ಒಂದೊಂದೇ ವಾಟ್ ಏರ್ಸಿ ನೋಡಿ. ಪವರ್ ಬ್ಯಾಂಕ್ ತಗೊಂಡ್ರೆ 45 ವಾಟ್ ಪಿಡಿ (ಯುಎಸ್‌ಬಿ-ಸಿ ಫಾಸ್ಟ್ ಚಾರ್ಜಿಂಗ್) ಇರೋದೇ ತಗೊಳ್ಳಿ.

ಇಷ್ಟಾದ್ಮೇಲೂ ಬೇಲೂರು ದಾಟೋಷ್ಟ್ರಲ್ಲೇ ಆಫ್ ಆದ್ರೆ ಬ್ಯಾಟರಿನೇ ಸವೆದಿರ್ಬಹುದು, ಅದನ್ನ ಇಲ್ಲಿಂದ ಹೇಳಕ್ಕಾಗಲ್ಲ. ಡೆಸ್ಕ್‌ಟಾಪ್ ಮೋಡ್‌ನ ಇನ್ಫೋ ಸೆಂಟರಲ್ಲಿ ಎನರ್ಜಿ ಓಪನ್ ಮಾಡಿ, ಫುಲ್ ಚಾರ್ಜ್ 40 ವಾಟ್ ಅವರ್‌ಗಿಂತ ತುಂಬ ಕೆಳಗಿದ್ರೆ ಆಗ ಓಎಲ್ಇಡಿ ಯೋಚ್ನೆ ಮಾಡಿ, ಡೆಕ್ ಇಂಡಿಯಾದಲ್ಲಿ ಅಫಿಶಿಯಲ್ ಆಗಿ ಮಾರಲ್ಲ, ಹಾಗಾಗಿ ಕೊಡೋರ ಹತ್ರ ವಾರಂಟಿ ಯಾರು ನೋಡ್ಕೋತಾರೆ ಅಂತ ಬರಹದಲ್ಲಿ ಕೇಳಿ ತಗೊಳ್ಳಿ.