ಶ್ರೀಮಂತರಿಗೆ ನಿತ್ಯಜೀವ ಇಲ್ಲವೇ?

ಆಸ್ತಿ ಇದ್ದವರಿಗೆ ನಿತ್ಯಜೀವ, ಅಂದರೆ ದೇವರೊಂದಿಗಿನ ಕೊನೆಯಿಲ್ಲದ ಬದುಕು, ಸಿಗುವುದಿಲ್ಲವೇ ಎಂದು ಕೇಳಿದ್ದೀರಿ. ಹಾಗೇನಿಲ್ಲ. ಬೈಬಲಿನ ಮಾರ್ಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಒಬ್ಬ ಆಸ್ತಿವಂತ ಓಡಿಬಂದು, ಮೊಣಕಾಲೂರಿ, ನಿತ್ಯಜೀವಕ್ಕೆ ಏನು ಮಾಡಲಿ ಎನ್ನುತ್ತಾನೆ. ಯೇಸುಸ್ವಾಮಿ ಅವನನ್ನು ಪ್ರೀತಿಯಿಂದ ನೋಡಿ, ಇದ್ದದ್ದನ್ನು ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಅನ್ನುತ್ತಾರೆ. ಅವನು ಮುಖ ಬಾಡಿಸಿಕೊಂಡು ಹೊರಟುಹೋಗುತ್ತಾನೆ. ಆ ಪ್ರೀತಿಯ ನೋಟವನ್ನೇ ನಾವು ಬಿಟ್ಟು ಓದುತ್ತೇವಲ್ಲ ಎಂಬುದು ನನ್ನ ಸಂಕಟ.

ಶ್ರೀಮಂತ ದೇವರ ರಾಜ್ಯ ಸೇರುವುದಕ್ಕಿಂತ ಒಂಟೆ ಸೂಜಿಕಣ್ಣಿನಲ್ಲಿ ತೂರುವುದು ಸುಲಭ ಎಂಬ ಮಾತು ಬರುವುದು ಆಮೇಲೆ. ನಮ್ಮ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊಲಿಯುವ ದಬ್ಬಳ ನೋಡಿ. ಅಷ್ಟು ದೊಡ್ಡ ಕಣ್ಣಿನಲ್ಲೂ ತೂರುವುದು ಒಂದೆಳೆ ಸುತಳಿ. ಆದರೆ ದೇವರಿಗೆ ಎಲ್ಲವೂ ಸಾಧ್ಯ ಎಂಬ ಮಾತೂ ಅಲ್ಲೇ ಇದೆ. ದೇವರನ್ನೂ ಯೇಸುವನ್ನೂ ಅರಿಯುವುದೇ ನಿತ್ಯಜೀವ ಎನ್ನುತ್ತದೆ ಯೋಹಾನ 17:3. ಅಂದರೆ ಸಾಯುವವರೆಗೆ ಕಾಯಬೇಕಿಲ್ಲ, ಗೋದಾಮಿನ ಬೀಗದಕೈ ಸೊಂಟದಲ್ಲಿರುವಾಗಲೇ ಅದು ಶುರುವಾಗಬಹುದು.