ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೂರು ವರ್ಷ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನಾಲ್ಕು ವರ್ಷ. ಅರ್ಥಶಾಸ್ತ್ರ ಪದವಿಗೆ ಯಾವುದು ಒಳ್ಳೆಯದು?

ನಿಮ್ಮ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಎರಡೂ ಕಡೆಯಿಂದ ಆಫರ್ ಬಂದಿದೆ, ಶ್ರೇಯಾಂಕದಲ್ಲಿ ಬ್ರಿಸ್ಟಲ್ ಮೇಲಿದೆ, ಜೊತೆಗೆ ಒಂದು ವರ್ಷದ ಖರ್ಚೂ ಉಳಿಯುತ್ತದೆ. ಆದರೆ ಪ್ರಶ್ನೆಯ ಕೊನೆಯಲ್ಲಿ ಇನ್ನೊಂದು ಮಾತು ಬರೆದಿದ್ದೀರಿ: ಅರ್ಥಶಾಸ್ತ್ರವೋ ರಾಜಕೀಯ ಶಾಸ್ತ್ರವೋ ಇನ್ನೂ ಗಟ್ಟಿಯಾಗಿಲ್ಲ, ಅಲ್ಲಿಗೆ ಹೋದಮೇಲೆ ನೋಡಿಕೊಳ್ಳಬಹುದು ಅಲ್ವಾ, ಅಂತ. ಇಲ್ಲ. ಇಂಗ್ಲೆಂಡಿನಲ್ಲಿ ಅದು ಅಷ್ಟು ಸುಲಭ ಅಲ್ಲ. ನನ್ನ ಉತ್ತರವೆಲ್ಲ ಆ ಒಂದು ಸಾಲಿಗೇ.

ನಾನು ಹಾಸನದಲ್ಲಿ ಕಾಮರ್ಸ್ ಪಿಯುಸಿ ಮಾಡಿದವನು. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಯುಕಾಸ್ ತಾಣದ ಐದು ಆಯ್ಕೆಗಳಲ್ಲಿ ಒಂದನ್ನು ಮಾತ್ರ ಸ್ಕಾಟ್ಲೆಂಡಿಗೆ ಇಟ್ಟಿದ್ದೆ, ಉಳಿದದ್ದೆಲ್ಲ ಇಂಗ್ಲೆಂಡ್. ಆಫರ್‌ಗಳು ಬಂದಾಗ ಅಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಫೀಸು, ಬಾಡಿಗೆ, ಊಟ, ವಿಮಾನ ಅಂತ ವರ್ಷದ ಪ್ರಕಾರ ಬರೆದರು. ಸ್ಕಾಟ್ಲೆಂಡಿನ ನಾಲ್ಕನೇ ವರ್ಷದ ಮೊತ್ತ ನೋಡಿದ ಮೇಲೆ ಚರ್ಚೆಯೇ ನಡೆಯಲಿಲ್ಲ. ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯವನ್ನು ಫರ್ಮ್ ಮಾಡಿದೆ, ಅಂದರೆ ಮೊದಲ ಆಯ್ಕೆ ಅಂತ ಒಪ್ಪಿಕೊಂಡೆ; ಅದು ತಪ್ಪಿದರೆ ಇರಲಿ ಅಂತ ಸ್ಕಾಟ್ಲೆಂಡಿನದು ಇನ್ಶೂರೆನ್ಸ್ ಆಯಿತು. ಸಾಲಕ್ಕೆ ಸೈಟಿನ ಪತ್ರ ಬ್ಯಾಂಕಿಗೆ ಹೋಯಿತು.

ನಾನು ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಈಗ ಅಲ್ಲೇ ನಿಂತಿದ್ದೀರಿ. ನಾನು ವಿಶ್ವವಿದ್ಯಾಲಯವನ್ನು ಆರಿಸಿದ್ದೆ, ಕೋರ್ಸನ್ನು ಆರಿಸಿರಲಿಲ್ಲ. ಇಂಗ್ಲೆಂಡಿನಲ್ಲಿ ನಿಮಗೆ ಸೀಟು ಸಿಗುವುದು ಒಂದು ಕೋರ್ಸಿಗೆ. ಮೊದಲ ದಿನದಿಂದಲೇ ಆ ವಿಭಾಗದ ವಿದ್ಯಾರ್ಥಿ ನೀವು. ಪ್ರತಿ ಕೋರ್ಸಿನ ಪುಟದಲ್ಲೂ ಯಾವ ವರ್ಷ ಯಾವ ಮಾಡ್ಯೂಲ್ (ನಮ್ಮಲ್ಲಿ ಪೇಪರ್ ಅಂತೀವಲ್ಲ, ಅದು), ಯಾವುದು ಕಡ್ಡಾಯ, ಯಾವುದು ಆಯ್ಕೆ ಅಂತ ಹಾಕಿರುತ್ತಾರೆ. ನಾನು ಪುಟದ ಮೇಲ್ಭಾಗ ಮಾತ್ರ ನೋಡಿದ್ದೆ: ಶ್ರೇಯಾಂಕ, ಫೀಸು, ಎಷ್ಟು ಜನಕ್ಕೆ ಕೆಲಸ ಸಿಕ್ಕಿದೆ ಅನ್ನೋ ಅಂಕಿ. ಕೆಳಗೆ ಇಳಿದು ಮಾಡ್ಯೂಲ್ ಪಟ್ಟಿ ಓದಲೇ ಇಲ್ಲ. ಅಲ್ಲಿ ಹೋಗಿ ನೋಂದಣಿ ಮಾಡಿಕೊಳ್ಳುವಾಗ ಮೈಕ್ರೋ, ಮ್ಯಾಕ್ರೋ, ಗಣಿತ, ಸಂಖ್ಯಾಶಾಸ್ತ್ರ ಎಲ್ಲಕ್ಕೂ ಆಗಲೇ ಟಿಕ್ ಬಿದ್ದಿತ್ತು. ನಾನು ಆರಿಸೋಕೆ ಉಳಿದಿದ್ದು ಒಂದೇ ಒಂದು ಮಾಡ್ಯೂಲ್.

ಒಂದು ದಿನ ರೂಮ್‌ಮೇಟ್ ಜೊತೆ ಸುಮ್ನೆ ಅವನ ಭೂಗೋಳದ ಕ್ಲಾಸಿಗೆ ಹೋಗಿ ಕೂತೆ. 1854ರಲ್ಲಿ ಲಂಡನ್ನಿನಲ್ಲಿ ಕಾಲರಾ ಬಂದಾಗ ಜಾನ್ ಸ್ನೋ ಎಂಬ ವೈದ್ಯ ಯಾವ ಮನೆಯಲ್ಲಿ ಎಷ್ಟು ಸಾವು ಅಂತ ನಕ್ಷೆಯ ಮೇಲೆ ಗುರುತು ಹಾಕಿದ. ಗುರುತುಗಳೆಲ್ಲ ಬ್ರಾಡ್ ಸ್ಟ್ರೀಟಿನ ನೀರಿನ ಪಂಪಿನ ಸುತ್ತ ಗುಂಪುಗೂಡಿದ್ದವು. ಆ ನಕ್ಷೆಯನ್ನು ಪರದೆ ಮೇಲೆ ಹಾಕಿ, ಇವತ್ತಿನ ನಗರಗಳಲ್ಲಿ ಯಾರ ಮನೆಗೆ ಒಳ್ಳೆಯ ನೀರು ಬರುತ್ತದೆ, ಯಾರ ಮನೆಗೆ ಬರಲ್ಲ ಅಂತ ಚರ್ಚೆ ಶುರು ಮಾಡಿದರು. ನನಗೆ ಬೇಕಾಗಿದ್ದು ಇದೇ ಅಂತ ಅಲ್ಲೇ ಗೊತ್ತಾಯಿತು.

ಟ್ಯೂಟರ್ ಹತ್ತಿರ ಹೋದೆ. ಒಳ್ಳೆಯ ಮನುಷ್ಯ, ಆದರೆ ಉತ್ತರ ನೇರವಾಗಿತ್ತು: ಭೂಗೋಳದಲ್ಲಿ ಸೀಟಿದ್ದರೆ ಬದಲಾಯಿಸಬಹುದು, ಮತ್ತೆ ಮೊದಲ ವರ್ಷದಿಂದ. ಇಂಗ್ಲೆಂಡಿನ ಎಷ್ಟೋ ಕಡೆ ಮೊದಲ ವರ್ಷದ ಅಂಕ ಪದವಿಯ ಕೊನೆಯ ದರ್ಜೆಗೆ ಸೇರುವುದಿಲ್ಲ. ಅದಕ್ಕೇ ಎಲ್ಲರೂ ಅದನ್ನು ರುಚಿ ನೋಡುವ ವರ್ಷ ಅಂದುಕೊಳ್ಳುತ್ತಾರೆ. ಅಂಕ ಲೆಕ್ಕಕ್ಕಿಲ್ಲದಿದ್ದರೂ ಪಾಠ ಲೆಕ್ಕಕ್ಕಿದೆ. ಆ ಪಾಠ ಆಗದೆ ಎರಡನೇ ವರ್ಷಕ್ಕೆ ಬಿಡುವುದಿಲ್ಲ.

ವೀಸಾ ಇದ್ದದ್ದು ಹಳೆಯ ಕೋರ್ಸಿನ ಅವಧಿಗೆ. ವೀಸಾಗೆ ಬೇಕಾದ, ವಿಶ್ವವಿದ್ಯಾಲಯ ಕೊಡುವ ಸಿಎಎಸ್ ಎಂಬ ದೃಢೀಕರಣವನ್ನು ಹೊಸದಾಗಿ ತೆಗೆದುಕೊಂಡು, ಭಾರತಕ್ಕೆ ಬಂದು ಮತ್ತೆ ಅರ್ಜಿ ಹಾಕಿದೆ. ಮತ್ತೆ ವೀಸಾ ಫೀಸು, ಮತ್ತೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಕಟ್ಟುವ ಹೆಲ್ತ್ ಸರ್‌ಚಾರ್ಜ್. ಆ ಸರ್‌ಚಾರ್ಜ್ ವಿದ್ಯಾರ್ಥಿಗಳಿಗೆ ಈಗ ವರ್ಷಕ್ಕೆ 776 ಪೌಂಡ್, ಎಲ್ಲ ವರ್ಷದ್ದೂ ಒಟ್ಟಿಗೆ ಕಟ್ಟಬೇಕು. ಸಾಲದ ಮಂಜೂರಾತಿ ಪತ್ರದಲ್ಲೂ ಕೋರ್ಸಿನ ಹೆಸರು, ಅವಧಿ ಇತ್ತು, ಹಾಗಾಗಿ ಬ್ಯಾಂಕಿಗೆ ಅಪ್ಪ ಎಷ್ಟು ಸಲ ಅಲೆದರೋ. ಕೊನೆಗೆ ನನ್ನ ಮೂರು ವರ್ಷದ ಪದವಿ ನಾಲ್ಕು ವರ್ಷವೇ ತೆಗೆದುಕೊಂಡಿತು. ಉಳಿಸಿದೆವು ಅಂದುಕೊಂಡ ದುಡ್ಡು ಪೂರ್ತಿ ಹೋಯಿತು, ಮೇಲಿಷ್ಟು ಸೇರಿ.

ಸ್ಕಾಟ್ಲೆಂಡಿನ ನಾಲ್ಕು ವರ್ಷ ಇರುವುದೇ ನಿಮ್ಮಂಥವರಿಗೆ. ಗ್ಲಾಸ್ಗೋದಲ್ಲಿ ಸಮಾಜ ವಿಜ್ಞಾನದ ಪದವಿಗೆ ಸೇರಿದರೆ ಮೊದಲ ವರ್ಷ ಮೂರು ವಿಷಯ ಓದುತ್ತೀರಿ. ಯಾವುದರಲ್ಲಿ ಆನರ್ಸ್, ಅಂದರೆ ಯಾವುದು ಮುಖ್ಯ ವಿಷಯ ಅಂತ ಗಟ್ಟಿ ಮಾಡುವುದು ಮೂರನೇ ವರ್ಷದ ಹೊತ್ತಿಗೆ. ಪದವಿಗೆ ಎಂ.ಎ. ಅಂತ ಹೆಸರಿದ್ದರೆ ಗಾಬರಿಯಾಗಬೇಡಿ, ಅಲ್ಲಿಯ ಹಳೆಯ ವಿಶ್ವವಿದ್ಯಾಲಯಗಳಲ್ಲಿ ಕಲೆ, ಸಮಾಜ ವಿಜ್ಞಾನದ ಮೊದಲ ಪದವಿಗೇ ಆ ಹೆಸರು. ಅಂದಹಾಗೆ, ಅರ್ಥಶಾಸ್ತ್ರದ ಪಿತಾಮಹ ಅನ್ನಿಸಿಕೊಂಡ ಆಡಂ ಸ್ಮಿತ್ ಗ್ಲಾಸ್ಗೋದಲ್ಲಿ ಪ್ರಾಧ್ಯಾಪಕನಾಗಿದ್ದದ್ದು ನೀತಿಶಾಸ್ತ್ರಕ್ಕೆ. ಒಂದೇ ವಿಷಯದ ಬೇಲಿಯೊಳಗೆ ಕೂರಬೇಕಿಲ್ಲ ಅನ್ನುವುದು ಅಲ್ಲಿ ಹೊಸ ಮಾತಲ್ಲ.

ಶ್ರೇಯಾಂಕದ ವಿಷಯ ದಯವಿಟ್ಟು ಬಿಡಿ. ಕ್ಯೂಎಸ್ ಎಂಬ ವಿಶ್ವ ಶ್ರೇಯಾಂಕ ಪಟ್ಟಿಯಲ್ಲಿ ನೂರಕ್ಕೆ 30 ಭಾಗ ಬೇರೆ ಪ್ರಾಧ್ಯಾಪಕರು ಹೇಳುವ ಅಭಿಪ್ರಾಯಕ್ಕೆ, 20 ಭಾಗ ಸಂಶೋಧನಾ ಲೇಖನಗಳ ಉಲ್ಲೇಖಕ್ಕೆ. ಅದೂ ವೈದ್ಯಕೀಯ, ಎಂಜಿನಿಯರಿಂಗ್ ಎಲ್ಲ ಸೇರಿಸಿದ ಇಡೀ ವಿಶ್ವವಿದ್ಯಾಲಯದ್ದು. ನಿಮಗೆ ಮೊದಲ ವರ್ಷ ಪಾಠ ಮಾಡುವವರು ಹೇಗೆ ಅನ್ನುವುದು ಅದರಲ್ಲಿ ಕಾಣಲ್ಲ. ಡಿಸ್ಕವರ್ ಯೂನಿ ಎಂಬ ಅಧಿಕೃತ ತಾಣ ಇದೆ, ಅಲ್ಲಿ ಕೋರ್ಸಿನ ಹೆಸರು ಹಾಕಿ ಹುಡುಕಿದರೆ ಓದಿದವರೇ ಕೊಟ್ಟ ಅಭಿಪ್ರಾಯ ಸಿಗುತ್ತದೆ. ಬೇಗ ಮುಗಿಸಿದರೆ ಕೆಲಸ ಹುಡುಕಲು ಜಾಸ್ತಿ ಸಮಯ ಸಿಗುತ್ತದೆ ಅನ್ನುವುದೂ ಇಲ್ಲ. ಓದು ಮುಗಿದ ಮೇಲೆ ಅಲ್ಲೇ ಉಳಿದು ಕೆಲಸ ಮಾಡಲು ಕೊಡುವ ಗ್ರಾಜುಯೇಟ್ ವೀಸಾ 2027ರ ಜನವರಿಯಿಂದ 18 ತಿಂಗಳು, ಮೂರು ವರ್ಷ ಓದಿದವರಿಗೂ ನಾಲ್ಕು ವರ್ಷ ಓದಿದವರಿಗೂ ಅಷ್ಟೇ.

ಅರ್ಥಶಾಸ್ತ್ರ ಬಿಟ್ಟು ಬೇರೆ ಏನೂ ಬೇಡ ಅನ್ನುವಷ್ಟು ಖಚಿತ ಇದ್ದಿದ್ದರೆ ಬ್ರಿಸ್ಟಲ್‌ಗೆ ಹೋಗಿ ಅಂತ ನಾನೇ ಹೇಳುತ್ತಿದ್ದೆ. ನೀವು ಖಚಿತ ಇಲ್ಲ ಅಂತ ನೀವೇ ಬರೆದಿದ್ದೀರಿ. ಹಾಗಾಗಿ ಗ್ಲಾಸ್ಗೋ. ಅಲ್ಲಿ ನಿಮ್ಮ ಆಫರ್ ಯಾವ ಪದವಿಗೆ ಅಂತ ಸರಿಯಾಗಿ ನೋಡಿ, ಅದರಿಂದ ರಾಜಕೀಯ ಶಾಸ್ತ್ರದ ಆನರ್ಸ್‌ಗೆ ದಾರಿ ಇದೆಯಾ ಅಂತ ಪ್ರವೇಶ ವಿಭಾಗಕ್ಕೆ ಮೇಲ್ ಹಾಕಿ. ನಾಲ್ಕೂ ವರ್ಷ ಫೀಸು ಒಂದೇ ಇರುತ್ತದಾ, ವರ್ಷ ವರ್ಷ ಏರುತ್ತದಾ ಅಂತಲೂ ಕೇಳಿ. ಮನೆಯಲ್ಲಿ ಬ್ರಿಸ್ಟಲ್ಲೇ ಬೇಕು ಅಂತ ಹಟ ಮಾಡಿದರೆ, ಎರಡೂ ವಿಷಯ ಒಟ್ಟಿಗೆ ಓದುವ ಜಾಯಿಂಟ್ ಆನರ್ಸ್‌ಗೆ ಆಫರ್ ಬದಲಾಯಿಸಿ ಕೊಡುತ್ತಾರಾ ಅಂತ ಅವರಿಗೂ ಬರೆಯಿರಿ. ಯುಕಾಸ್‌ನಲ್ಲಿ ಉತ್ತರ ಕೊಡುವ ಕೊನೆಯ ದಿನಾಂಕ ನಿಮ್ಮ ಖಾತೆಯಲ್ಲೇ ಇದೆ. ಈ ಮೇಲ್‌ಗಳಿಗೆ ಉತ್ತರ ಬರುವ ತನಕ ಫರ್ಮ್ ಒತ್ತಬೇಡಿ.