ಬಿದರಿ ಹೊಳಪಿನ ಬ್ಲ್ಯಾಕ್ ಪ್ಯಾಂಥರ್ ಮುಖವಾಡ

ನಮಸ್ಕಾರ. ಮಗನಿಗಾಗಿ ಮಾಡುತ್ತಿರುವ, ಮಾರ್ವೆಲ್ ಸಿನಿಮಾಗಳ ಸೂಪರ್‌ಹೀರೊ ಬ್ಲ್ಯಾಕ್ ಪ್ಯಾಂಥರ್‌ನ ಮುಖವಾಡಕ್ಕೆ ಬಿದರಿಯ ನೋಟವನ್ನು ಮನೆಯಲ್ಲೇ ತರಬಹುದೇ ಎಂದು ಕೇಳಿದ್ದೀರಿ. ಖಂಡಿತ ತರಬಹುದು, ಕಪ್ಪಿನ ಮೇಲೆ ಬೆಳ್ಳಿಗೆರೆಯ ಆ ಉಡುಪನ್ನು 2016ರ ‘ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್’ ಸಿನಿಮಾದಲ್ಲಿ ಮೊದಲ ಸಲ ಕಂಡಾಗ ಬೀದರಿನವನಾದ ನನಗೂ ಬಿದರಿ ಹೂಜಿಯೇ ನೆನಪಾಗಿತ್ತು.

ನಿಜವಾದ ಬಿದರಿಯಲ್ಲಿ ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಚಿತ್ತಾರ ಕೊರೆದು, ಬೆಳ್ಳಿಯ ತಂತಿ ಕೂರಿಸಿ, ಕೊನೆಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ಬಿಸಿನೀರಿನಲ್ಲಿ ಅದ್ದುತ್ತಾರೆ. ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೆಯೇ ಉಳಿಯುತ್ತದೆ. ನೀವು ಈ ಕ್ರಮವನ್ನು ತಿರುಗಿಸಿ, ಮೊದಲು ಕಪ್ಪು, ಆಮೇಲೆ ಬೆಳ್ಳಿ ಎಂದು ಹೋಗಬೇಕು.

ಐದು ಮಿಲಿಮೀಟರ್ ದಪ್ಪದ ಫೋಮ್ ಹಾಳೆಯನ್ನು ಕತ್ತರಿಸಿ, ಬಿಸಿಗಾಳಿ ತಾಗಿಸಿ ಮುಖದ ಆಕಾರಕ್ಕೆ ಬಾಗಿಸಿರಿ. ಬಣ್ಣಕ್ಕೆ ಮುನ್ನ ನೀರು ಬೆರೆಸಿದ ಫೆವಿಕಾಲನ್ನು ಎರಡು ಸಲ ಬಳಿದು ಪೂರ್ತಿ ಒಣಗಿಸದಿದ್ದರೆ ಫೋಮ್ ಬಣ್ಣವನ್ನೆಲ್ಲ ಹೀರಿಕೊಳ್ಳುತ್ತದೆ. ಕಪ್ಪು ಬಣ್ಣ ಹೊಳಪಿಲ್ಲದ್ದೇ ಇರಲಿ. ಹೊಳೆಯುವ ಕಪ್ಪಿನಲ್ಲಿ ಬೆಳ್ಳಿ ಮಂಕಾಗುತ್ತದೆ, ನನ್ನ ಮೊದಲ ಮುಖವಾಡ ಕೆಟ್ಟದ್ದೇ ಹೀಗೆ. ಗೆರೆಗಳಿಗೆ ಬೆಳ್ಳಿ ಬಣ್ಣದ ಪೆನ್ನಿಗಿಂತ ಸಣ್ಣಗೆ ಸೀಳಿದ ಅಲ್ಯೂಮಿನಿಯಂ ಟೇಪು ಮೇಲು. ಚಮಚದ ಹಿಂಬದಿಯಿಂದ ಉಜ್ಜಿದರೆ ಕೂರಿಸಿದ ತಂತಿಯಂತೆಯೇ ಕಾಣುತ್ತದೆ.

ಒಂದು ಎಚ್ಚರಿಕೆ: ನೀವು ಕಲಬುರಗಿಯವರು, ಅಲ್ಲಿನ ಮೇ ತಿಂಗಳ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಗ್ಲೂಗನ್ನಿನ ಅಂಟು ಮೆತ್ತಗಾಗಿ ಕಿವಿಗಳು ಕಳಚಿಕೊಳ್ಳುತ್ತವೆ. ಆ ಜೋಡಣೆಗೆ ಚಪ್ಪಲಿ ಹೊಲಿಯುವವರು ಬಳಸುವ ಅಂಟನ್ನೇ ಹಚ್ಚಿರಿ, ಕಿಟಕಿ ತೆರೆದಿಟ್ಟು.